ಅಪ್ಪನ ಬಡತರ್ಫಿ ಕಾಗದ ಹುಡುಕಿದ ಹತ್ತು ತಿಂಗಳು

2024ರ ಡಿಸೆಂಬರ್ 12ರ ಸಂಜೆ ಠಾಣೆ ಹತ್ತಿರದ ಕಳವಾ ಸ್ಟೇಷನ್ನಿನಲ್ಲಿ ಇಳಿದಾಗ ನನ್ನ ಚೀಲದಲ್ಲಿ 31 ಪುಟಗಳ ಜೆರಾಕ್ಸ್ ಇತ್ತು. ಪ್ರತಿ ಪುಟದ ಮೂಲೆಯಲ್ಲಿ ‘ಸತ್ಯಪ್ರತ’, ಅಂದರೆ ಅಸಲಿನ ಖರೆ ನಕಲು, ಎಂಬ ನೇರಳೆ ಮೊಹರು. ಗದ್ದಲದಲ್ಲಿ ಚೀಲ ಯಾರಿಗೂ ತಾಗಬಾರದೆಂದು ದಾದರಿನಿಂದ ಎದೆಗೆ ಅವಚಿಕೊಂಡೇ ಬಂದಿದ್ದೆ. ಅಪ್ಪನ ಬಡತರ್ಫಿಯ, ಅಂದರೆ ನೌಕರಿಯಿಂದ ವಜಾ ಮಾಡಿದ, ಕಾಗದಗಳು ಅವು. 42 ವರ್ಷ ನಮ್ಮ ಮನೆಯಲ್ಲಿ ಯಾರೂ ಅವನ್ನು ಕಣ್ಣಾರೆ ಕಂಡಿರಲಿಲ್ಲ. ಇದನ್ನು ಬರೆಯುತ್ತಿರುವುದು ಅಂಥದೇ ಹಳೆಯ ಸರ್ಕಾರಿ ಕಾಗದ ಹುಡುಕಲು ಹೊರಟವರಿಗಾಗಿ. ನಾನು ದಾರಿ ತಪ್ಪಿದ ಕಡೆಗಳಲ್ಲಿ ಅವರು ತಪ್ಪದಿರಲಿ.

ನಮ್ಮ ಅಪ್ಪ ಜತ್ತ ತಾಲೂಕಿನವರು. ಊರು ಮಹಾರಾಷ್ಟ್ರದ್ದು, ಮನೆಮಾತು ಕನ್ನಡ. 1966ರಲ್ಲಿ ಮುಂಬಯಿಗೆ ಬಂದು ಪೊಲೀಸ್ ಶಿಪಾಯಿಯಾಗಿ ಸೇರಿದರು. ನಾನು ಹುಟ್ಟಿದ್ದು, ಎಂಟು ವರ್ಷದವರೆಗೆ ಬೆಳೆದದ್ದು ನಾಯಗಾಂವ್‌ನ ಪೊಲೀಸ್ ವಸತಿಯಲ್ಲಿ. 1982ರ ಆಗಸ್ಟ್‌ನಲ್ಲಿ ಮುಂಬಯಿ ಪೊಲೀಸರು ದಂಗೆಯೆದ್ದಾಗ ಅವರ ನೌಕರಿ ಹೋಯಿತು. ಸೆಪ್ಟೆಂಬರ್ ಮುಗಿಯುವುದರೊಳಗೆ ಖೋಲಿಯೂ ಹೋಯಿತು. ಆಮೇಲೆ ಅಪ್ಪ ಗೋದಾಮುಗಳಲ್ಲಿ ರಾತ್ರಿ ಕಾವಲು ಕಾಯ್ದು ನಮ್ಮನ್ನು ಓದಿಸಿದರು. ಆ ದಿನಗಳ ಸುದ್ದಿ ಎತ್ತಿದರೆ ಎದ್ದು ಹೊರಗೆ ಹೋಗುತ್ತಿದ್ದರು. 2023ರ ನವೆಂಬರ್‌ನಲ್ಲಿ ತೀರಿಕೊಂಡರು.

ವರ್ಷಾಂತಕ ಇನ್ನೂ ಆಗಿರಲಿಲ್ಲ. ಒಂದು ರಾತ್ರಿ ಅವ್ವ ಕೇಳಿದಳು: “ನಿಮ್ಮಪ್ಪನ್ನ ಯಾಕ ತಗದ್ರು ಅಂತ ಎಲ್ಲಾದ್ರೂ ಬರದಿರ್ತಾರಲ್ಲ? ಅದನ್ನ ನಾ ಒಮ್ಮೆ ಕೇಳಿ ಸಾಯಬೇಕು.” ಅವ್ವನಿಗೆ 73. ಅವಳಿಗೆ ಗೊತ್ತಿದ್ದದ್ದು ಇಷ್ಟೇ: ಆ ದಿನ ಬೆಳಗ್ಗೆ ಅಪ್ಪ ಆರೇ ಕೇಂದ್ರಕ್ಕೆ ಹಾಲು ತರಲು ಹೋಗಿದ್ದರು, ಹಾಲಿಲ್ಲದೆ ತಿರುಗಿ ಬಂದರು, ಗದ್ದಲದಲ್ಲಿ ಅವರು ಇರಲೇ ಇಲ್ಲ. ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ನನಗೆ ನೆನಪಿರುವುದು ಮಿಲಿಟರಿ ಲಾರಿಗಳ ಸದ್ದು, ಅವ್ವ ಕಿಟಕಿಗೆ ಚಾದರ ಕಟ್ಟಿದ್ದು, ಖಾಕಿಯ ನಡುವೆ ಮೊದಲ ಸಲ ಕಂಡ ಹಸಿರು ಸಮವಸ್ತ್ರ.

ಮೊದಲು ಮಾಡಿದ ಕೆಲಸ ಅರ್ಜಿ ಬರೆದದ್ದಲ್ಲ. ಅದು ಒಳ್ಳೆಯದೇ ಆಯಿತು. ನಾನು ಮಹಾನಗರ ಪಾಲಿಕೆಯ ಕನ್ನಡ ಶಾಲೆಯಲ್ಲಿ ಟೀಚರ್. ಶನಿವಾರ ಮಧ್ಯಾಹ್ನ ದಾದರ್ ಪೂರ್ವದ ಮುಂಬಯಿ ಮರಾಠಿ ಗ್ರಂಥಸಂಗ್ರಹಾಲಯಕ್ಕೆ ಹೋಗಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತೆ. ಅಪ್ಪ ಕವಾಯತು ಮಾಡುತ್ತಿದ್ದ ಮೈದಾನ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ಕಾಗದ ಹುಡುಕುವವರು ಘಟನೆಯ ತಾರೀಖು, ಕ್ರಮ ಎರಡನ್ನೂ ಮೊದಲು ಗಟ್ಟಿ ಮಾಡಿಕೊಳ್ಳಬೇಕು. “1982ರ ಗಲಾಟೆ” ಎಂದರೆ ಯಾವ ಗುಮಾಸ್ತನೂ ಕಪಾಟು ತೆರೆಯುವುದಿಲ್ಲ.

ಆ ವರ್ಷ ಜನವರಿ 18ರಿಂದ ಬಟ್ಟೆ ಗಿರಣಿಗಳ ಮುಷ್ಕರ ನಡೆದಿತ್ತು. ಕಾರ್ಮಿಕ ಮುಖಂಡ ದತ್ತಾ ಸಾಮಂತರ ಹಿಂದೆ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು. ಲಾಲಬಾಗ್, ಪರಳ, ನಾಯಗಾಂವ್, ವರಳಿ ಎಲ್ಲ ಕಡೆ ಬಂದೋಬಸ್ತಿಗೆ ಹಗಲು ರಾತ್ರಿ ನಿಂತವರು ಅಪ್ಪನಂಥ ಶಿಪಾಯಿಗಳು. ಅವರದೂ ಒಂದು ಸಂಘಟನೆ ಇತ್ತು. ಸಂಬಳ, ಮನೆ, ಕೆಲಸದ ಹೊತ್ತು, ಸಾಹೇಬರ ಮನೆಗಳಲ್ಲಿ ಆರ್ಡರ್ಲಿಯಾಗಿ ದುಡಿಯುವುದು, ಇವು ಅವರ ತಕರಾರುಗಳು. ಹೊಸವೇನೂ ಅಲ್ಲ. ಧರ್ಮವೀರ ಅವರ ಅಧ್ಯಕ್ಷತೆಯ ರಾಷ್ಟ್ರೀಯ ಪೊಲೀಸ್ ಆಯೋಗ 1979ರ ಫೆಬ್ರವರಿಯಲ್ಲಿ ಕೊಟ್ಟ ಮೊದಲ ವರದಿಯೇ ಇವುಗಳ ಮೇಲೆ ಇತ್ತು. ಅದೇ ವರ್ಷ ಮೇ ತಿಂಗಳಲ್ಲಿ ಪಂಜಾಬಿನಿಂದ ಶುರುವಾದ ಪೊಲೀಸರ ಚಳವಳಿ ಹಲವು ರಾಜ್ಯಗಳಿಗೆ ಹಬ್ಬಿತ್ತು. ಬೊಕಾರೊದಲ್ಲಿ ಕೈಗಾರಿಕಾ ಭದ್ರತಾ ಪಡೆಯನ್ನು ಸೇನೆ ನಿಶ್ಶಸ್ತ್ರಗೊಳಿಸುವಾಗ ಗುಂಡು ಹಾರಿ ಹೆಣಗಳು ಬಿದ್ದಿದ್ದವು. ಅದಕ್ಕೂ ಹಿಂದೆ, 1973ರಲ್ಲಿ ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿ.ಎ.ಸಿ. ದಂಗೆಯೆದ್ದು ಸೇನೆ ಬಂದು, ಮುಖ್ಯಮಂತ್ರಿ ಕಮಲಾಪತಿ ತ್ರಿಪಾಠಿ ಕುರ್ಚಿ ಬಿಡಬೇಕಾಗಿ ಬಂದಿತ್ತು. ಸರ್ಕಾರಗಳಿಗೆ ಈ ಭಯ ಹೊಕ್ಕು ಬಹಳ ದಿನವಾಗಿತ್ತು ಅನ್ನುವುದು ಪುಟ ತಿರುವುತ್ತ ತಿರುವುತ್ತ ನನಗೆ ಮನದಟ್ಟಾಯಿತು.

1982ರ ಆಗಸ್ಟ್ 15ರಂದು ಮುಂಬಯಿ ಶಿಪಾಯಿಗಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡರು. ಬಾಬಾಸಾಹೇಬ್ ಭೋಸಲೆ ಆಗ ಮುಖ್ಯಮಂತ್ರಿ. ಆಗಸ್ಟ್ 18, ಬುಧವಾರ, ಬೆಳಕು ಹರಿಯುವ ಮೊದಲೇ ಮುಖಂಡರ ಬಂಧನ. ಸಂಘಟನೆಯ ಮಾನ್ಯತೆ ರದ್ದು. ಸುದ್ದಿ ವಸತಿಗಳಿಗೆ ಮುಟ್ಟಿದ ಮೇಲೆ ಶಿಪಾಯಿಗಳು ರಸ್ತೆಗಿಳಿದರು. ಲೋಕಲ್ ಗಾಡಿಗಳು ನಿಂತವು, ಅಂಗಡಿಗಳ ಲೂಟಿಯಾಯಿತು, ಬೆಂಕಿ ಬಿತ್ತು. ಗಿರಣಿ ಕಾರ್ಮಿಕರೂ ಕೂಡಿಕೊಂಡರು. ಸೇನೆ, ಗಡಿ ಭದ್ರತಾ ಪಡೆ, ಸಿ.ಆರ್.ಪಿ.ಎಫ್. ಬಂದವು. ನಾಯಗಾಂವ್, ವರಳಿಯ ಪೊಲೀಸರ ಕೈಯಿಂದ ಆಯುಧ ಕಸಿದುಕೊಂಡರು. ನಾನು ಚಾದರದ ಸಂದಿಯಿಂದ ನೋಡಿದ ಹಸಿರು ಬಟ್ಟೆ ಅದೇ.

ಕಾಯುವವನೇ ಕಲ್ಲೆತ್ತಿದಾಗ ಯಾವ ಸರ್ಕಾರವೂ ಕೈಕಟ್ಟಿ ಕೂರಲಾಗದು. ಇದನ್ನು ನಾನು ಅಪ್ಪನ ಮಗಳಾಗಿಯೂ ಒಪ್ಪುತ್ತೇನೆ. ಆ ದಿನ ಅಂಗಡಿ ಸುಟ್ಟುಕೊಂಡವರಿಗೂ ಮಕ್ಕಳಿದ್ದರು. ನಾನು ಕೇಳಿದ್ದು ಮುಂದಿನ ಮಾತು: ಬೆಂಕಿ ಆರಿದ ಮೇಲೆ ಒಬ್ಬೊಬ್ಬನ ನೌಕರಿ ತೆಗೆಯುವಾಗ ಏನು ನೋಡಿ ತೆಗೆದರು?

ಇದಕ್ಕೆ ಹಾದಿ ತೋರಿಸಿದವರು ಮಾಟುಂಗಾದ ಮೈಸೂರ್ ಅಸೋಸಿಯೇಷನ್ನಿನಲ್ಲಿ ಒಂದು ಕಾರ್ಯಕ್ರಮಕ್ಕೆ ಹೋದಾಗ ಪರಿಚಯವಾದ ಧಾರವಾಡ ಕಡೆಯ ಹಿರಿಯ ವಕೀಲರು. ಎರಡು ಕಪ್ ಚಹಾ ಮುಗಿಯುವವರೆಗೆ ಕೂತು ತಿಳಿಸಿ ಹೇಳಿದರು. ಸರ್ಕಾರಿ ನೌಕರನನ್ನು ವಜಾ ಮಾಡಬೇಕಾದರೆ ಆರೋಪ ತಿಳಿಸಿ, ವಿಚಾರಣೆ ನಡೆಸಿ, ಅವನ ಮಾತು ಕೇಳಬೇಕು ಎಂದು ಸಂವಿಧಾನದ 311ನೇ ವಿಧಿ ಹೇಳುತ್ತದೆ. ಆದರೆ ಅದರಲ್ಲಿ ಒಂದು ಬಾಗಿಲು ಇದೆ. ವಿಚಾರಣೆ ನಡೆಸುವುದು ಕಾರ್ಯಸಾಧ್ಯವಲ್ಲ ಎಂದು ಅಧಿಕಾರಿಗೆ ಮನವರಿಕೆಯಾದರೆ, ವಿಚಾರಣೆ ಇಲ್ಲದೆಯೇ ತೆಗೆಯಬಹುದು. “ಖರೆ, ಒಂದ್ ಮಾತ್ ನೋಡ್ರಿ ಟೀಚರ್,” ಎಂದು ಬೆರಳೆತ್ತಿದರು, “ಯಾಕ ಸಾಧ್ಯ ಇಲ್ಲ ಅನ್ನೋ ಕಾರಣಾನ ಆ ಅಧಿಕಾರಿ ಬರವಣಿಗಿಯೊಳಗ ಇಡಬೇಕು. ಅದನ್ನ ನಿಮ್ಮ ತಂದಿಯವರಿಗೆ ಕೊಡಲೇಬೇಕಂತಿಲ್ಲ. ಕಡತದಾಗ ಇರಬೇಕು. ನೀವು ಹುಡುಕಬೇಕಾದ್ದು ಆ ಹಾಳಿ.”

1985ರ ಜುಲೈ 11ರಂದು ತುಲಸಿರಾಮ್ ಪಟೇಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಇದನ್ನೇ ಹೇಳಿತು. ಬೊಕಾರೊದ ಭದ್ರತಾ ಪಡೆಯವರು, ರೈಲ್ವೆಯವರು, ಮಧ್ಯಪ್ರದೇಶದ ಪೊಲೀಸರು, ಎಲ್ಲರ ಅರ್ಜಿಗಳು ಒಟ್ಟಿಗೆ ಕೇಳಿಬಂದಿದ್ದವು. ನಾಲ್ವರ ಪರವಾಗಿ ನ್ಯಾಯಮೂರ್ತಿ ಮದನ್ ಬರೆದರು, ನ್ಯಾಯಮೂರ್ತಿ ಠಕ್ಕರ್ ಒಬ್ಬರು ಒಪ್ಪಲಿಲ್ಲ. ವಿಚಾರಣೆ ಇಲ್ಲದ ವಜಾ ನಡೆಯುತ್ತದೆ, ಆದರೆ ಕಾರಣ ಬರೆದಿಡದಿದ್ದರೆ ಆ ಆದೇಶ ನಿಲ್ಲುವುದಿಲ್ಲ. ಅಪ್ಪನಿಗೆ ಇದು ಗೊತ್ತಿತ್ತೋ ಇಲ್ಲವೋ. ಆ ವರ್ಷ ನಾವು ಕಳವಾದಲ್ಲಿ ಬಾಡಿಗೆ ಕಟ್ಟಲಾಗದೆ ಎರಡು ಸಲ ಖೋಲಿ ಬದಲಿಸಿದ್ದೆವು.

2024ರ ಮಾರ್ಚ್ 11ಕ್ಕೆ ಮಾಹಿತಿ ಹಕ್ಕಿನ ಮೊದಲ ಅರ್ಜಿ ಕೊಟ್ಟೆ. 10 ರೂಪಾಯಿಯ ಕೋರ್ಟ್ ಫೀ ಸ್ಟಾಂಪ್ ಹಚ್ಚಿ, ಎರಡು ಹಾಳೆ ತುಂಬ ಅಪ್ಪನ ಕಥೆ ಬರೆದಿದ್ದೆ. ಹನ್ನೊಂದು ದಿನಕ್ಕೆ ಅದು ತಿರುಗಿ ಬಂತು. ಮಹಾರಾಷ್ಟ್ರದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ನನಗಿದು ಗೊತ್ತಿರಲಿಲ್ಲ. ದುಃಖವನ್ನೆಲ್ಲ ಅರ್ಜಿಯಲ್ಲಿ ಸುರಿಯಬೇಡಿ. ಅವರಿಗೆ ಬೇಕಾದ್ದು ಹೆಸರು, ಹುದ್ದೆ, ತಾರೀಖು ಮತ್ತು ಬಕ್ಕಲ್ ನಂಬರು, ಅಂದರೆ ಬೆಲ್ಟಿನ ಪಟ್ಟಿಯ ಮೇಲಿನ ಸಂಖ್ಯೆ. ಅಪ್ಪನ ಬೆಲ್ಟು ಅಂದೇ ಹೋಗಿತ್ತು. ನಂಬರು ಸಿಕ್ಕಿದ್ದು ಅಟ್ಟದ ಮೇಲಿದ್ದ ಕಬ್ಬಿಣದ ಟ್ರಂಕಿನ ಪಕ್ಕೆಯಲ್ಲಿ. ಬಿಳಿ ಬಣ್ಣದಲ್ಲಿ ಅಪ್ಪನೇ ಬರೆದಿದ್ದರು, ಮೇಲೆ ಅವ್ವ ಅಂಟಿಸಿದ್ದ ಕ್ಯಾಲೆಂಡರಿನ ಚಿತ್ರ ಕಿತ್ತಾಗ ಕಂಡಿತು.

ಮಾರ್ಚ್ 27ಕ್ಕೆ ‘ಜೋಡಪತ್ರ ಅ’ ನಮೂನೆಯಲ್ಲಿ ಎರಡನೇ ಅರ್ಜಿ. ಅಪ್ಪನ ಮರಣ ಪ್ರಮಾಣಪತ್ರ, ನಾನು ಮಗಳೆಂದು ತೋರಿಸುವ ರೇಷನ್ ಕಾರ್ಡು, ಅವ್ವನ ಒಪ್ಪಿಗೆಯ ಸಹಿ, ಮೂರರ ನಕಲು ಕೂಡಿಸಿದೆ. ಕೇಳಿದ್ದು ಮೂರೇ ಕಾಗದ: ವಜಾ ಆದೇಶ, ವಿಚಾರಣೆ ಕೈಬಿಡಲು ಬರೆದಿಟ್ಟ ಕಾರಣ, ಸೇವಾ ಪುಸ್ತಕ. ಆವಕ್, ಅಂದರೆ ಬಂದ ಕಾಗದ ತೆಗೆದುಕೊಳ್ಳುವ, ಟೇಬಲ್ಲಿನ ಹೆಣ್ಣುಮಗಳು ಅರ್ಜಿ ಇಸಿದುಕೊಂಡು ಡ್ರಾಯರಿಗೆ ಹಾಕಹೋದಳು. ನನ್ನ ಪ್ರತಿಯ ಮೇಲೆ ಮೊಹರು ಬೇಕೆಂದು ನಿಂತೆ. ಪೋಚ್, ಅಂದರೆ ಕಾಗದ ಮುಟ್ಟಿದ ಗುರುತು, ಇಲ್ಲದೆ ಯಾವ ಕಾಗದವನ್ನೂ ಕೊಟ್ಟು ಬರಬೇಡಿ, ಅವರು ಎಷ್ಟೇ ಒಳ್ಳೆಯ ಮಾತಾಡಿದರೂ. 30 ದಿನದ ಲೆಕ್ಕ ಶುರುವಾಗುವುದೇ ಆ ಮೊಹರಿನಿಂದ. ಈಗ ಆನ್‌ಲೈನ್ ಅರ್ಜಿಗೂ ಅವಕಾಶ ಇದೆ. ಆದರೆ ಇಷ್ಟು ಹಳೆಯ ಕಡತಕ್ಕೆ ಮುಖ ತೋರಿಸಿ ಬರುವುದೇ ಲೇಸು ಅನ್ನಿಸಿತು. ಕಚೇರಿಯ ಹೆಸರು ಇಲ್ಲಿ ಬೇಡ.

ಏಪ್ರಿಲ್‌ನಲ್ಲಿ ಪತ್ರ ಬಂತು: ಈ ವಿಷಯ ನಮ್ಮದಲ್ಲ, ಬೇರೆ ಶಾಖೆಗೆ ವರ್ಗಾಯಿಸಿದ್ದೇವೆ. ಕಾಯ್ದೆಯ 6(3) ಕಲಮಿನಂತೆ ಅದನ್ನು ಅವರೇ ಕಳಿಸಬೇಕು, ನಾವು ಹೊಸ ಅರ್ಜಿ ಕೊಡಬೇಕಿಲ್ಲ. ಆಮೇಲೆ ಲೋಕಸಭಾ ಚುನಾವಣೆ. ಮುಂಬಯಿಯಲ್ಲಿ ಮತದಾನ ಮೇ 20ಕ್ಕೆ. ಎಲ್ಲರೂ ಬಂದೋಬಸ್ತಿನಲ್ಲಿ, ನಾನೂ ಮತಗಟ್ಟೆಯ ಕೆಲಸದಲ್ಲಿ. ಮೇ 23ಕ್ಕೆ ಉತ್ತರ ಬಂತು. ಒಂದೂವರೆ ಸಾಲು. ‘ಸದರ ಅಭಿಲೇಖ ಅತಿ ಹಳೆಯದಾದ್ದರಿಂದ ಉಪಲಬ್ಧವಿಲ್ಲ.’

ಆ ಕಾಗದವನ್ನು ನಾನು ಅವ್ವನಿಗೆ ತೋರಿಸಲಿಲ್ಲ. ಅಡಿಗೆಮನೆಯಲ್ಲಿ ನಿಂತು ಓದಿ, ಮಡಚಿ ಗೋಧಿ ಡಬ್ಬಿಯ ಕೆಳಗೆ ಇಟ್ಟೆ. ಆ ವಾರ ನಿದ್ದೆ ಹತ್ತಲಿಲ್ಲ. ಒಬ್ಬ ಮನುಷ್ಯ 16 ವರ್ಷ ದುಡಿದದ್ದರ ಗುರುತೇ ಉಳಿಯದಿರುವುದು ಹೇಗೆ ಸಾಧ್ಯ ಎಂದು ಮಗ್ಗಲು ಬದಲಿಸುತ್ತ ಮಲಗಿರುತ್ತಿದ್ದೆ. ನನ್ನ ಸೋದರಮಾವನ ಮಗ ವಿಜಯಪುರದಲ್ಲಿ ಹೆಡ್ ಕಾನ್‌ಸ್ಟೆಬಲ್. ಅವನಿಗೆ ಫೋನು ಮಾಡಿದೆ. 2016ರ ಜೂನ್ 4ರಂದು ಕರ್ನಾಟಕದ ಪೊಲೀಸರು ಸಾಮೂಹಿಕ ರಜೆಗೆ ಕರೆ ಕೊಟ್ಟಾಗ ಅವನೂ ರಜೆ ಅರ್ಜಿ ಬರೆದು, ಕೊಡದೆ ಕಿಸೆಯಲ್ಲಿ ಇಟ್ಟುಕೊಂಡವನು. ಆಗ ಸರ್ಕಾರ ಮುಷ್ಕರ ತಡೆಯುವ ಎಸ್ಮಾ ಕಾಯ್ದೆ ಹಾಕಿತು, ಕರೆ ಕೊಟ್ಟ ಮುಖಂಡನನ್ನು ಬಂಧಿಸಿತು. ಅದೇ ವರ್ಷ ಸಂಬಳದ ಬಗ್ಗೆ ಔರಾದ್ಕರ್ ಸಮಿತಿಯ ವರದಿಯೂ ಬಂತು. “ಅಕ್ಕಾ, ನಮ್ಮಲ್ಲಿ ಕಾಗದ ಅನ್ನೂದು ಸಾಯೂದಿಲ್ಲ. ಸುಟ್ಟಿದ್ರ ಸುಟ್ಟಿದ್ದಕ್ಕೂ ಒಂದ್ ಕಾಗದ ಇರ್ತದ. ಅದನ್ನ ಕೇಳು,” ಅಂದ.

ವಕೀಲರೂ ಅದನ್ನೇ ಹೇಳಿದರು. ಇದು ಎಲ್ಲರಿಗೂ ಉಪಯೋಗಕ್ಕೆ ಬರುವ ಮಾತು, ಆದ್ದರಿಂದ ಸ್ವಲ್ಪ ಬಿಡಿಸಿ ಬರೆಯುತ್ತೇನೆ. ಮಹಾರಾಷ್ಟ್ರದ ಕಚೇರಿಗಳಲ್ಲಿ ಕಾಗದಗಳನ್ನು ಅ, ಬ, ಕ, ಡ ಎಂದು ವರ್ಗ ಮಾಡುತ್ತಾರೆ. ‘ಅ’ ಕಾಯಂ ಇಡಬೇಕಾದ್ದು, ‘ಬ’ 30 ವರ್ಷ, ಉಳಿದವು ಅದಕ್ಕಿಂತ ಕಡಿಮೆ. ನಾಶ ಮಾಡಿದರೆ ಅದರ ಪಟ್ಟಿ ಇರಬೇಕು. ಕಡತ ಸಿಗುತ್ತಿಲ್ಲ ಎಂಬುದು ಮಾಹಿತಿ ಹಕ್ಕು ಕಾಯ್ದೆಯ ವಿನಾಯಿತಿಗಳಲ್ಲಿ ಎಲ್ಲೂ ಇಲ್ಲ. ಇನ್ನೊಂದು, ಕಾಯ್ದೆಯ 8(3) ಕಲಮು. ಘಟನೆ ನಡೆದು 20 ವರ್ಷ ದಾಟಿದ್ದರೆ ದೇಶದ ಭದ್ರತೆ, ಶಾಸನಸಭೆಯ ಹಕ್ಕುಚ್ಯುತಿ, ಸಂಪುಟದ ಕಾಗದಪತ್ರ, ಈ ಮೂರು ನೆವ ಬಿಟ್ಟು ಬೇರೆ ವಿನಾಯಿತಿ ಹೇಳಿ ತಡೆಯುವಂತಿಲ್ಲ. ಪೊಲೀಸರ ದಂಗೆ ಎಂದಕೂಡಲೆ “ಗೋಪನೀಯ” ಎನ್ನುವವರಿಗೆ ಈ ಕಲಮನ್ನು ತೋರಿಸಿ. ನನಗೆ ಮೌಖಿಕವಾಗಿ ಆ ಮಾತನ್ನೂ ಹೇಳಿದ್ದರು. ಬರೆದು ಕೊಡಿ ಎಂದಾಗ ಯಾರೂ ಬರೆದು ಕೊಡಲಿಲ್ಲ.

ಜೂನ್ 10ಕ್ಕೆ ಮೊದಲ ಅಪೀಲು, 20 ರೂಪಾಯಿಯ ಸ್ಟಾಂಪಿನೊಂದಿಗೆ. ಉತ್ತರ ಬಂದ 30 ದಿನದೊಳಗೆ ಹಾಕಬೇಕು. ಅಪೀಲಿನಲ್ಲಿ ಒಂದೇ ಮಾತು ಕೇಳಿದೆ: ಕಡತ ಇಲ್ಲದಿದ್ದರೆ ಅದನ್ನು ನಾಶಪಡಿಸಿದ ನೋಂದಣಿಯ ಪುಟ ಕೊಡಿ. ಅಪೀಲು 45 ದಿನದೊಳಗೆ ಮುಗಿಯಬೇಕೆಂಬುದು ಕಾಯ್ದೆ. ನನ್ನ ಸುನಾವಣಿ, ಅಂದರೆ ಅಪೀಲಿನ ವಿಚಾರಣೆ, ಸರಿಯಾಗಿ 45ನೇ ದಿನ, ಜುಲೈ 25ಕ್ಕೆ. ಅಂದು ಎಂಥಾ ಮಳೆ ಅಂದರೆ, ಕುರ್ಲಾದಲ್ಲಿ ಗಾಡಿ ನಿಂತು ನಿಂತು ಹೊರಟಿತು. ದಾಖಲೆಗಳನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಿದ್ದೆ. ಸೀರೆಯ ನಿರಿಗೆ ಹಿಂಡುತ್ತ ಒಳಗೆ ಹೋದೆ. ಅಪೀಲು ಕೇಳಿದ ಅಧಿಕಾರಿ ನನ್ನ ತಮ್ಮನ ವಯಸ್ಸಿನವರು. 1982ರಲ್ಲಿ ಹುಟ್ಟಿಯೇ ಇದ್ದಿರಲಿಕ್ಕಿಲ್ಲ. ಫೈಲು ಓದಿ ತಲೆ ಎತ್ತಿ, “ತಾಯಿ, ಇದು ಸಿಕ್ಕರೆ ಏನು ಮಾಡುತ್ತೀರಿ?” ಎಂದು ಮರಾಠಿಯಲ್ಲಿ ಕೇಳಿದರು. ನಮ್ಮ ಅವ್ವನಿಗೆ ಓದಿ ಹೇಳುತ್ತೇನೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೂರು ವಾರದಲ್ಲಿ ಹುಡುಕಿ ವರದಿ ಕೊಡಬೇಕು, ಸಿಕ್ಕಿದ್ದನ್ನು ಪರಿಶೀಲನೆಗೆ ತೆರೆದಿಡಬೇಕು ಎಂದು ಆದೇಶ ಬರೆಸಿದರು.

ಮೂರು ವಾರ ಮೂರು ತಿಂಗಳ ಮೇಲಾಯಿತು. ಸೆಪ್ಟೆಂಬರ್ 7ರಿಂದ ಗಣಪತಿ ಬಂದೋಬಸ್ತು, ಅದು ಮುಗಿದರೆ ನವರಾತ್ರಿ, ನಂತರ ವಿಧಾನಸಭಾ ಚುನಾವಣೆ. ಪ್ರತಿ ಸಲ ಹೋದಾಗಲೂ ಒಂದು ನೆನಪೋಲೆ ಕೊಟ್ಟು ಪೋಚ್ ತಂದೆ. ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೇ ಅಪೀಲು ಬರೆದು ಇಟ್ಟಿದ್ದೂ ಆಗಿತ್ತು. ಅದಕ್ಕೆ 90 ದಿನದ ಗಡುವು ಇದೆ, ಮರೆಯಬೇಡಿ. ಕೊನೆಗೆ ಕೆಲಸಕ್ಕೆ ಬಂದದ್ದು ರೆಕಾರ್ಡ್ ರೂಮಿನ ಒಬ್ಬ ಹಿರಿಯ ಹವಾಲ್ದಾರರು. ನಿವೃತ್ತಿಗೆ ಆರು ತಿಂಗಳು ಇತ್ತಂತೆ. ಅವರ ಅಪ್ಪನೂ ವರಳಿಯ ಬಿ.ಡಿ.ಡಿ. ಚಾಳಿನಲ್ಲಿದ್ದ ಶಿಪಾಯಿ. “ಹೆಸರಿನ ಮೇಲೆ ಹುಡುಕಿದ್ದಾರೆ, ಅದಕ್ಕೇ ಸಿಕ್ಕಿಲ್ಲ. ಆಗ ಕಟ್ಟುಗಳನ್ನು ಕಟ್ಟಿದ್ದು ಆದೇಶದ ತಾರೀಖಿನ ಮೇಲೆ,” ಅಂದರು. ಎಂಟು ತಿಂಗಳು ಯಾರಿಗೂ ತೋಚದ ಮಾತು ಇದು.

ಡಿಸೆಂಬರ್ 4ರಂದು ಪರಿಶೀಲನೆ. ಮೊದಲ ಒಂದು ಗಂಟೆಗೆ ಶುಲ್ಕ ಇಲ್ಲ. ಟ್ಯೂಬ್‌ಲೈಟಿನ ಕೆಳಗೆ ಒಂದು ಮೇಜು, ಕೆಂಪು ನಾಡಾ ಕಟ್ಟಿದ ಗಂಟು. ನಾಡಾ ಎಳೆದಾಗ ತುಂಡಾಯಿತು.

ಮೊದಲು ಕೈಗೆ ಬಂದದ್ದು ಸೇವಾ ಪುಸ್ತಕ. ರಟ್ಟಿನ ಮೂಲೆಗಳನ್ನು ಇಲಿ ತಿಂದಿತ್ತು. ಒಳಗಿನ ಮೊದಲ ಪುಟದಲ್ಲಿ ಅಪ್ಪನ ಎತ್ತರ, 5 ಅಡಿ 6 ಇಂಚು. ಗುರುತಿನ ಚಿಹ್ನೆ, ಎಡ ಹುಬ್ಬಿನ ಮೇಲೆ ಗಾಯದ ಕಲೆ. ಆ ಕಲೆಯನ್ನು ನಾನು ಮಡಿಲಲ್ಲಿ ಕೂತು ಸವರುತ್ತಿದ್ದೆ, ಎತ್ತು ಹಾಯ್ದದ್ದು ಅನ್ನುತ್ತಿದ್ದರು. ಅದರ ಕೆಳಗೆ ಎಡಗೈಯ ಐದೂ ಬೆರಳುಗಳ ಗುರುತು, ಮಸಿಯಲ್ಲಿ, ಸಾಲಾಗಿ. 22 ವಯಸ್ಸಿನ ಅಪ್ಪನ ಬೆರಳು. ಕಿರುಬೆರಳು ಸ್ವಲ್ಪ ಜಾರಿತ್ತು. ಹೆಬ್ಬೆರಳಿನ ಗೆರೆಗಳು ನಿನ್ನೆ ಒತ್ತಿದಷ್ಟು ನಿಚ್ಚಳ. ಅದರ ಪಕ್ಕ ನನ್ನ ಬೆರಳಿಟ್ಟು ನೋಡಿದೆ, ಮುಟ್ಟಲಿಲ್ಲ. ಮುಂದಿನ ಪುಟಗಳಲ್ಲಿ ವರ್ಷ ವರ್ಷದ ಸಂಬಳ ಏರಿಕೆ, ಎರಡು ಸಲ ಬಹುಮಾನದ ನಮೂದು, ಒಮ್ಮೆ ತಡವಾಗಿ ಬಂದದ್ದಕ್ಕೆ ದಂಡ. ಕೊನೆಯ ನಮೂದು ಕೆಂಪು ಶಾಯಿಯಲ್ಲಿ, ಅಡ್ಡಡ್ಡ ಬರೆದದ್ದು: ಬಡತರ್ಫ. ಆ ಸಾಲಿನ ಕೆಳಗೆ ಮುಕ್ಕಾಲು ಪುಸ್ತಕ ಖಾಲಿ.

ವಜಾ ಆದೇಶ ಸೈಕ್ಲೋಸ್ಟೈಲ್ ಮಾಡಿದ ಒಂದು ಹಾಳೆ. ಮಜಕೂರು ಮೊದಲೇ ಅಚ್ಚು ಮಾಡಿಟ್ಟದ್ದು. ಹೆಸರು, ಬಕ್ಕಲ್ ನಂಬರಿಗೆ ಜಾಗ ಬಿಟ್ಟು, ಆಮೇಲೆ ಬೇರೆ ಟೈಪ್‌ರೈಟರಿನಲ್ಲಿ ತುಂಬಿದ್ದರು. ಅಪ್ಪನ ಹೆಸರಿನ ಅಕ್ಷರಗಳು ಉಳಿದವಕ್ಕಿಂತ ಕಪ್ಪಗಿದ್ದವು, ಸಾಲಿನಿಂದ ಕೂದಲೆಳೆಯಷ್ಟು ಮೇಲೆ ನಿಂತಿದ್ದವು. ನಾನು ಹುಡುಕುತ್ತಿದ್ದ ಕಾರಣದ ಹಾಳೆಯೂ ಇತ್ತು. ನಾಲ್ಕು ಸಾಲು. ಸದ್ಯದ ಪರಿಸ್ಥಿತಿಯಲ್ಲಿ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಾರರು, ಆದ್ದರಿಂದ ವಿಚಾರಣೆ ಕಾರ್ಯಸಾಧ್ಯವಲ್ಲ. ಅದರ ಕೆಳಗೆ ಹೆಸರುಗಳ ಪಟ್ಟಿ. ಅಪ್ಪನದು ಒಂಬತ್ತನೆಯದು. ಯಾರು ಏನು ಮಾಡಿದರು ಎಂಬ ಮಾತು ಪಟ್ಟಿಯಲ್ಲಿ ಯಾರ ಮುಂದೆಯೂ ಇರಲಿಲ್ಲ. ಆ ಅಧಿಕಾರಿಗೆ ಅಂದು ನಗರ ಉಳಿಸುವ ಅವಸರ ಇದ್ದಿತು, ಅದನ್ನು ನಾನು ತಿಳಿಯಬಲ್ಲೆ. ಆದರೆ ಅವಸರ ಒಂದು ವಾರದ್ದು. ಆರು ತಿಂಗಳ ನಂತರವಾದರೂ ಒಂಬತ್ತನೆಯವನನ್ನು ಕರೆದು ಕೂರಿಸಿ ಕೇಳಬಹುದಿತ್ತು.

ಗಂಟಿನ ತಳದಲ್ಲಿ, ನಾನು ಕೇಳದೆಯೇ ಇದ್ದ ಒಂದು ಕಾಗದ ಸಿಕ್ಕಿತು. ಗೆರೆ ಹಾಳೆಯ ಎರಡು ಪುಟ, ನೀಲಿ ಶಾಯಿ, ಮರಾಠಿ. ಅಕ್ಷರ ನೋಡಿದಾಕ್ಷಣ ಗೊತ್ತಾಯಿತು. ಕೊನೆಯಲ್ಲಿ ಸಹಿ ಕನ್ನಡದಲ್ಲಿ. ಅಪ್ಪ ಯಾವತ್ತೂ ಸಹಿ ಕನ್ನಡದಲ್ಲೇ ಹಾಕುತ್ತಿದ್ದರು, ಬ್ಯಾಂಕಿನವರು ಬೈದರೂ. 1982ರ ಅಕ್ಟೋಬರ್‌ನ ಆವಕ್ ಮೊಹರು ಅದರ ಮೇಲಿತ್ತು. ಅದಕ್ಕೆ ಉತ್ತರ ಕೊಟ್ಟ ಯಾವ ಗುರುತೂ ಕಡತದಲ್ಲಿ ಇರಲಿಲ್ಲ. ಪರಿಶೀಲನೆಗೆ ಹೋಗುವವರು ಕೇಳಿದ ಕಾಗದವಷ್ಟನ್ನೇ ನೋಡಿ ಎದ್ದು ಬರಬೇಡಿ. ಇಡೀ ಗಂಟು ತಿರುವಿ ಹಾಕಿ, ಪುಟದ ನಂಬರು ಪೆನ್ಸಿಲಿನಲ್ಲಿ ಬರೆದುಕೊಂಡು, ಬೇಕಾದ್ದೆಲ್ಲದರ ನಕಲು ಅಲ್ಲೇ ಬರೆದು ಕೇಳಿ.

ನಕಲು ಕೈಗೆ ಬರಲು ಇನ್ನೂ ಎಂಟು ದಿನ ಹಿಡಿಯಿತು. ಡಿಸೆಂಬರ್ 6, ಅಂಬೇಡ್ಕರರ ಪುಣ್ಯತಿಥಿಯ ಚೈತ್ಯಭೂಮಿ ಬಂದೋಬಸ್ತಿಗೆ ಎಲ್ಲರೂ ದಾದರಿನಲ್ಲಿದ್ದರು. ಪುಟಕ್ಕೆ 2 ರೂಪಾಯಿಯಂತೆ 62 ರೂಪಾಯಿ. ಸ್ಟಾಂಪುಗಳ 40 ಸೇರಿ ಸರ್ಕಾರಕ್ಕೆ ಕಟ್ಟಿದ್ದು ಒಟ್ಟು 102 ರೂಪಾಯಿ. ನನ್ನ ಏಳು ದಿನದ ರಜೆ, ಗಾಡಿ ಖರ್ಚು, ಜೆರಾಕ್ಸು ಬೇರೆ. ಲಂಚ ಯಾರೂ ಕೇಳಲಿಲ್ಲ, ನಾನೂ ಕೊಡಲಿಲ್ಲ. ಇದನ್ನೂ ಬರೆಯಬೇಕು.

ಪಿಂಚಣಿಯ ಆಸೆಯಿಂದ ಈ ದಾರಿ ಹಿಡಿಯುವವರಿಗೆ ವಕೀಲರು ನನಗೆ ಹೇಳಿದ್ದನ್ನೇ ಹೇಳುತ್ತೇನೆ. ವಜಾ ಆದವನ ಹಿಂದಿನ ಸೇವೆ ಲೆಕ್ಕಕ್ಕೆ ಬರುವುದಿಲ್ಲ. ದಯೆಯ ಮೇಲೆ ಕೊಡುವ ಪಿಂಚಣಿ ಸರ್ಕಾರದ ವಿವೇಚನೆಗೆ ಬಿಟ್ಟದ್ದು, ಕೇಳಿ ಪಡೆಯುವ ಹಕ್ಕಲ್ಲ. ಇಷ್ಟು ವರ್ಷ ತಡವಾದದ್ದಕ್ಕೆ ಕೋರ್ಟಿನಲ್ಲಿ ಮೊದಲ ಪ್ರಶ್ನೆ ನಮ್ಮ ಮೇಲೆಯೇ ಬರುತ್ತದೆ. ದುಡ್ಡಿನ ಲೆಕ್ಕ ಹಾಕಿಕೊಂಡು ಹೊರಟರೆ ನಡುದಾರಿಯಲ್ಲಿ ಕೈಚೆಲ್ಲಬೇಕಾದೀತು.

ಅಂದು ರಾತ್ರಿ ಊಟವಾದ ಮೇಲೆ ಅವ್ವನನ್ನು ಕಾಟಿನ ಮೇಲೆ ಕೂರಿಸಿ, ಒಂದೊಂದೇ ಕಾಗದವನ್ನು ಕನ್ನಡ ಮಾಡಿ ಓದಿದೆ. ಬೆರಳಿನ ಗುರುತಿನ ಪುಟವನ್ನು ಕೈಗೆ ಇಸಿದುಕೊಂಡು ಕನ್ನಡಕಕ್ಕೆ ಹತ್ತಿರ ಹಿಡಿದಳು. ಕಾರಣದ ನಾಲ್ಕು ಸಾಲು ಕೇಳಿ, “ಇಷ್ಟs?” ಅಂದಳು. ಕೊನೆಗೆ ಅಪ್ಪನ ಪತ್ರ. ಅದರಲ್ಲಿ ಅಪ್ಪ ಹೀಗೆ ಬರೆದಿದ್ದರು: ಸ್ವಾತಂತ್ರ್ಯ ದಿನದಂದು ನಾನು ಕಪ್ಪು ಪಟ್ಟಿ ಕಟ್ಟಿದ್ದು ನಿಜ. 18ರ ಬೆಳಗ್ಗೆ ಮೈದಾನಕ್ಕೆ ಹೋಗಿ ಎಲ್ಲರ ಜೊತೆ ನಿಂತದ್ದೂ ನಿಜ. ನಾನು ಕಲ್ಲು ಎತ್ತಿಲ್ಲ, ಯಾರ ಅಂಗಡಿಗೂ ಕೈ ಹಚ್ಚಿಲ್ಲ. ನನ್ನನ್ನು ಕರೆಸಿ ಒಮ್ಮೆ ವಿಚಾರಿಸಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಅವ್ವ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮೈದಾನಕ್ಕ ಹೋಗಿದ್ರಂತ?” ಅಂದಳು.

“ಹೌದವ್ವ. ಅವರs ಬರದಾರ.”

“ನನಗ ಹಾಲು ತರಾಕ ಹೋಗಿದ್ದೆ ಅಂದಿದ್ರು. ನಾ ಹಂಗs ನಂಬಿಕೊಂಡು ಎಲ್ಲಾರಿಗೂ ಹೇಳಿಕೋತ ಬಂದೆ.” ಕಣ್ಣೊರೆಸಿಕೊಂಡು ಹಾಳೆಯನ್ನು ಮಗುಚಿ, ಕನ್ನಡದ ಸಹಿಯ ಮೇಲೆ ಬೆರಳಾಡಿಸಿದಳು. “ಸಾಹೇಬರಿಗೆ ಖರೆ ಬರದಾರ ನೋಡು. ಇದಕ್ಕ ಏನು ಉತ್ತರ ಕೊಟ್ರು?”

“ಕಡತದಾಗ ಉತ್ತರ ಇಲ್ಲ ಅವ್ವ.”

“ಹಂಗಾದ್ರ ಕೇಳು.”

ಡಿಸೆಂಬರ್ 18ರಂದು ಹೊಸ ಅರ್ಜಿ ಕೊಟ್ಟು ಬಂದೆ. 1982ರ ಅಕ್ಟೋಬರ್‌ನ ಆ ವಿನಂತಿಪತ್ರದ ಮೇಲೆ ಯಾವ ನಿರ್ಣಯ ಆಯಿತು, ಯಾರು ಮಾಡಿದರು, ಯಾವಾಗ ಮಾಡಿದರು. 150 ಪದ ಬೇಕಾಗಲಿಲ್ಲ, 34ರಲ್ಲಿ ಮುಗಿಯಿತು. 10 ರೂಪಾಯಿಯ ಸ್ಟಾಂಪು, ಅಪ್ಪನ ಪತ್ರದ ನಕಲು, ಪೋಚ್ ಮೇಲೆ ಆವಕ್ ನಂಬರು. 30ನೇ ದಿನ 2025ರ ಜನವರಿ 17, ಶುಕ್ರವಾರ ಬರುತ್ತಿತ್ತು. ಅವ್ವ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಕುಂಕುಮ ಹಚ್ಚಿಟ್ಟಿದ್ದಳು.